ಪದ ಪರಿಚಯ: ‘ಶುಲ್ಕ’ ಎಂದು ಬರೆದರೆ ತಿದ್ದುವವರು ಯಾರು?

ಮಂಗಳೂರಿನಲ್ಲಿ 50 ಲಕ್ಷ ರೂಪಾಯಿಗೆ ಫ್ಲಾಟ್ ಕೊಂಡವರು ಉಪನೋಂದಣಾಧಿಕಾರಿ ಕಚೇರಿಗೆ ಕಟ್ಟುವ ದುಡ್ಡನ್ನು ಬಿಡಿಸಿ ನೋಡೋಣ. ಮುದ್ರಾಂಕ ಶುಲ್ಕ ಶೇ 5ರಂತೆ 2,50,000 ರೂ. ಆ ಎರಡೂವರೆ ಲಕ್ಷದ ಮೇಲೆ ಶೇ 10 ಉಪಕರ, 25,000. ನಗರ ಪ್ರದೇಶವಾದ್ದರಿಂದ ಅದೇ ಎರಡೂವರೆ ಲಕ್ಷದ ಮೇಲೆ ಶೇ 2 ಅಧಿಭಾರ, 5,000. ಕೊನೆಗೆ ನೋಂದಣಿ ಶುಲ್ಕ. 2025ರ ಆಗಸ್ಟ್ 30ರವರೆಗೆ ಅದು ಶೇ 1, ಅಂದರೆ 50,000 ರೂ. ಮರುದಿನದಿಂದ ಶೇ 2, ಒಂದು ಲಕ್ಷ.

ಈ ಐವತ್ತು ಸಾವಿರದ ಏರಿಕೆಗೆ ವಿಧಾನಸಭೆಯಲ್ಲಿ ‘ಹೌದು’ ಎಂದವರು ಯಾರು? ಯಾರೂ ಇಲ್ಲ. ಮತಕ್ಕೇ ಬರಲಿಲ್ಲ. 1908ರ ನೋಂದಣಿ ಕಾಯ್ದೆಯ 78ನೇ ಪ್ರಕರಣ ಶುಲ್ಕದ ಪಟ್ಟಿ ತಯಾರಿಸುವ ಅಧಿಕಾರವನ್ನು ರಾಜ್ಯ ಸರ್ಕಾರಕ್ಕೆ ಕೊಟ್ಟಿದೆ. ಪಟ್ಟಿ ಬದಲಾಯಿಸಿ ರಾಜ್ಯಪತ್ರದಲ್ಲಿ ಪ್ರಕಟಿಸಿದರೆ ಮುಗಿಯಿತು. ಆದರೆ ಪ್ರಮಾಣಪತ್ರದ (ಅಫಿಡವಿಟ್) ಛಾಪಾ ಕಾಗದ 20 ರೂಪಾಯಿಯಿಂದ 100ಕ್ಕೆ ಏರಿದ್ದು ಹಾಗಲ್ಲ. ಅದಕ್ಕೆ ಕರ್ನಾಟಕ ಸ್ಟಾಂಪು ಕಾಯ್ದೆಯ ಅನುಸೂಚಿಯನ್ನೇ ತಿದ್ದಬೇಕಿತ್ತು. ವಿಧೇಯಕ ತಂದು, 2023ರ ಡಿಸೆಂಬರಿನ ಬೆಳಗಾವಿ ಅಧಿವೇಶನದಲ್ಲಿ ಅಂಗೀಕಾರ ಪಡೆಯಬೇಕಾಯಿತು. 80 ರೂಪಾಯಿಗೆ ಎರಡು ಸದನ, 50 ಸಾವಿರಕ್ಕೆ ಒಂದು ಅಧಿಸೂಚನೆ.

ಇದು ಯಾರದೋ ಕಣ್ತಪ್ಪಲ್ಲ. ಛಾಪಾ ಕಾಗದದ್ದು ತೆರಿಗೆ, ನೋಂದಣಿಯದು ಸೇವೆಗೆ ಕೊಡುವ ಶುಲ್ಕ.

ಗೊಂದಲ ಶುರುವಾಗುವುದು ಹೆಸರಿನಿಂದಲೇ. ಮುದ್ರಾಂಕ ಶುಲ್ಕದ ಬಾಲದಲ್ಲಿ ‘ಶುಲ್ಕ’ ಇದ್ದರೂ ಅದು ಸ್ವಭಾವದಲ್ಲಿ ತೆರಿಗೆ. ಸುಂಕ ಎಂದರೂ ತೆರಿಗೆಯೇ. ಉಪಕರ ಎಂದು ಕರೆದರೆ ಸಾಮಾನ್ಯವಾಗಿ ತೆರಿಗೆಯ ಮೇಲಿನ ತೆರಿಗೆ. ಕೆಲವೊಮ್ಮೆ ಮಾತ್ರ ಶುಲ್ಕದ ವೇಷ. ಗಣಿಗಾರಿಕೆಗೆ ಕೊಡುವ ರಾಜಧನ (ರಾಯಲ್ಟಿ) ತೆರಿಗೆಯೇ ಅಲ್ಲ ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2024ರ ಜುಲೈಯಲ್ಲಿ 8–1ರ ಬಹುಮತದಲ್ಲಿ ಹೇಳಿತು. ಆದ್ದರಿಂದ ರಸೀದಿಯ ಮೇಲಿನ ಹೆಸರನ್ನು ನಂಬುವ ಹಾಗಿಲ್ಲ. ದುಡ್ಡು ಏಕೆ ಕೇಳಿದರು, ಎಲ್ಲಿಗೆ ಹೋಯಿತು ಎಂಬ ಎರಡನ್ನು ನೋಡಬೇಕು.

ಈ ಎರಡು ಪ್ರಶ್ನೆಗಳನ್ನು ದೇಶದ ಕಾನೂನಿಗೆ ಕೊಟ್ಟದ್ದು ಉಡುಪಿಯ ಒಂದು ವ್ಯಾಜ್ಯ. ಅಷ್ಟಮಠಗಳಲ್ಲೊಂದಾದ ಶಿರೂರು ಮಠದ ಶ್ರೀ ಲಕ್ಷ್ಮೀಂದ್ರ ತೀರ್ಥರು ಮದ್ರಾಸ್ ಸರ್ಕಾರದ ಧಾರ್ಮಿಕ ದತ್ತಿ ವ್ಯವಸ್ಥೆಯ ವಿರುದ್ಧ ಹೂಡಿದ್ದ ಪ್ರಕರಣ ಅದು. ಆಗ ಉಡುಪಿ ಮದ್ರಾಸ್ ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿತ್ತು. 1951ರ ಮದ್ರಾಸ್ ಕಾಯ್ದೆಯ 76ನೇ ಪ್ರಕರಣ ಮಠ–ದೇವಸ್ಥಾನಗಳು ತಮ್ಮ ಆದಾಯದ ಶೇ 5 ಮೀರದಷ್ಟನ್ನು ವಂತಿಗೆಯಾಗಿ ಕೊಡಬೇಕೆಂದಿತ್ತು. ಇಲಾಖೆ ಮೇಲ್ವಿಚಾರಣೆ ಮಾಡುತ್ತದಲ್ಲ, ಅದಕ್ಕೆ ಶುಲ್ಕ ಎಂಬುದು ಸರ್ಕಾರದ ವಾದ. 1954ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ವಂತಿಗೆಯ ಹಣ ನೇರ ರಾಜ್ಯದ ಸಂಚಿತ ನಿಧಿಗೆ, ಅಂದರೆ ಸರ್ಕಾರದ ಮುಖ್ಯ ಖಜಾನೆಗೆ ಬೀಳುತ್ತಿತ್ತು, ಅಲ್ಲಿ ಉಳಿದ ದುಡ್ಡಿನೊಂದಿಗೆ ಬೆರೆಯುತ್ತಿತ್ತು. ಕೊಟ್ಟವರಿಗೆ ಸಿಕ್ಕ ಸೇವೆಗೂ ಕೊಟ್ಟ ಮೊತ್ತಕ್ಕೂ ಸಂಬಂಧ ಕಾಣಲಿಲ್ಲ. ಹಾಗಾಗಿ ಅದು ತೆರಿಗೆ, ಅಂಥ ತೆರಿಗೆ ಹಾಕುವ ಅಧಿಕಾರ ರಾಜ್ಯಕ್ಕಿಲ್ಲ ಎಂದು 76ನೇ ಪ್ರಕರಣದ ಆ ಭಾಗವನ್ನು ತಳ್ಳಿಹಾಕಿತು. ಕಾನೂನು ವಿದ್ಯಾರ್ಥಿಗಳು ಶಿರೂರು ಮಠ ಪ್ರಕರಣವನ್ನು ಧಾರ್ಮಿಕ ಸ್ವಾತಂತ್ರ್ಯದ ಅಧ್ಯಾಯದಲ್ಲಿ ಓದಿ ಮುಂದೆ ಹೋಗುತ್ತಾರೆ. ಶುಲ್ಕದ ವ್ಯಾಖ್ಯೆಯೂ ಅದರೊಳಗೇ ಇದೆ.

ಅಳತೆ ಮುಂದೆ ಸಡಿಲವಾಯಿತು. ಕೊಟ್ಟ ಪ್ರತಿ ರೂಪಾಯಿಗೂ ಸೇವೆಯ ಲೆಕ್ಕ ತೋರಿಸಬೇಕಿಲ್ಲ, ಸ್ಥೂಲ ಹೊಂದಾಣಿಕೆ ಇದ್ದರೆ ಸಾಕು ಎಂದು 1983ರ ಹೊತ್ತಿಗೆ ಅದೇ ನ್ಯಾಯಾಲಯ ಹೇಳಿತು. ಸಂಚಿತ ನಿಧಿಗೆ ಹೋಯಿತೆಂಬ ಒಂದೇ ಕಾರಣಕ್ಕೆ ಶುಲ್ಕ ತೆರಿಗೆಯಾಗುವುದಿಲ್ಲ ಎಂಬುದೂ ಈಗ ಸ್ಥಿರವಾದ ಮಾತು. ಸಡಿಲವಾದದ್ದರ ಲಾಭ ಸರ್ಕಾರಗಳಿಗೆ ಆಯಿತು ಎನ್ನದೆ ವಿಧಿಯಿಲ್ಲ.

ಇನ್ನು ಸದನದೊಳಗೆ ಬರೋಣ. ಸಂವಿಧಾನದ 199ನೇ ಅನುಚ್ಛೇದ ಯಾವುದು ಧನ ವಿಧೇಯಕ ಎಂದು ಹೇಳುತ್ತದೆ: ತೆರಿಗೆ ಹಾಕುವುದು, ತೆಗೆಯುವುದು, ಬದಲಿಸುವುದು, ಸಾಲ, ಸಂಚಿತ ನಿಧಿಗೆ ಹಾಕುವುದು–ತೆಗೆಯುವುದು ಮಾತ್ರ ಇರುವ ವಿಧೇಯಕ. ಅದೇ ಅನುಚ್ಛೇದದ ಎರಡನೇ ಖಂಡ ಒಂದು ಗೆರೆ ಎಳೆಯುತ್ತದೆ. ದಂಡ ವಿಧಿಸುತ್ತದೆ, ಲೈಸೆನ್ಸಿಗೆ ಅಥವಾ ಸೇವೆಗೆ ಶುಲ್ಕ ಕೇಳುತ್ತದೆ ಎಂಬಷ್ಟಕ್ಕೇ ವಿಧೇಯಕವೊಂದು ಧನ ವಿಧೇಯಕವಾಗುವುದಿಲ್ಲ. ಸ್ಥಳೀಯ ಸಂಸ್ಥೆ ತನ್ನ ಕೆಲಸಕ್ಕೆ ಹಾಕುವ ತೆರಿಗೆಗೂ ಇದೇ ಮಾತು. ಅನುಮಾನ ಬಂದರೆ ವಿಧಾನಸಭೆಯ ಸಭಾಧ್ಯಕ್ಷರ ತೀರ್ಮಾನವೇ ಅಂತಿಮ. ಧನ ವಿಧೇಯಕವಾದರೆ ಅವರ ದೃಢೀಕರಣ ವಿಧೇಯಕದ ಮೇಲೇ ಇರಬೇಕು. 2023ರ ಮೇ ತಿಂಗಳಲ್ಲಿ ಆ ಪೀಠಕ್ಕೆ ಆಯ್ಕೆಯಾದ ಯು.ಟಿ. ಖಾದರ್ ನಮ್ಮ ಮಂಗಳೂರು ಕ್ಷೇತ್ರದವರು.

ಆ ದೃಢೀಕರಣದ ಬೆಲೆ ತಿಳಿಯಲು ವಿಧಾನ ಪರಿಷತ್ತಿನ ಕಡೆ ನೋಡಬೇಕು. ಧನ ವಿಧೇಯಕವಾದರೆ ಪರಿಷತ್ತಿಗೆ 14 ದಿನ ಮಾತ್ರ. ಅದು ಶಿಫಾರಸು ಮಾಡಬಹುದು, ತಿದ್ದಲಾಗದು, ತಿರಸ್ಕರಿಸಲಾಗದು. ಸಾಮಾನ್ಯ ವಿಧೇಯಕವಾದರೆ ತಿರಸ್ಕರಿಸಬಹುದು, ತಿದ್ದಿ ಕಳಿಸಬಹುದು, ಮೂರು ತಿಂಗಳು ಇಟ್ಟುಕೊಳ್ಳಬಹುದು. ಕರಾವಳಿಯವರಿಗೆ ಇದರ ಉದಾಹರಣೆ ಮರೆತಿರಲಾರದು. ವರ್ಷಕ್ಕೆ 1 ಕೋಟಿ ರೂ. ಮೀರಿದ ಆದಾಯದ ದೇವಸ್ಥಾನಗಳಿಂದ ಶೇ 10, 10 ಲಕ್ಷದಿಂದ 1 ಕೋಟಿವರೆಗಿನವುಗಳಿಂದ ಶೇ 5 ಸಾಮಾನ್ಯ ಸಂಗ್ರಹಣಾ ನಿಧಿಗೆ ತೆಗೆದುಕೊಳ್ಳುವ ಮುಜರಾಯಿ ತಿದ್ದುಪಡಿ ವಿಧೇಯಕ 2024ರ ಫೆಬ್ರುವರಿ 21ರಂದು ವಿಧಾನಸಭೆಯಲ್ಲಿ ಪಾಸಾಯಿತು. 23ರಂದು ಪರಿಷತ್ತಿನಲ್ಲಿ ಧ್ವನಿಮತದಲ್ಲೇ ಬಿದ್ದುಹೋಯಿತು. ವಿಧಾನಸಭೆ ಅದನ್ನು ಎರಡನೇ ಬಾರಿ ಅಂಗೀಕರಿಸಬೇಕಾಯಿತು. ಕುಕ್ಕೆ, ಕಟೀಲು, ಕೊಲ್ಲೂರಿನಂಥ ದೇವಸ್ಥಾನಗಳ ಹುಂಡಿಗೆ ಸಂಬಂಧಿಸಿದ ಈ ವಂತಿಗೆ ಸಂಚಿತ ನಿಧಿಗೆ ಹೋಗದೆ ಬೇರೆ ನಿಧಿಗೆ ಹೋಗುವಂತೆ ಕಾಯ್ದೆ ಬರೆದಿರುವುದನ್ನು ಗಮನಿಸಿ. ಶಿರೂರು ಮಠದ ತೀರ್ಪು ಓದಿದವರೇ ಹೀಗೆ ಬರೆಯುತ್ತಾರೆ.

ತಿದ್ದುಪಡಿ ಮಂಡಿಸುವ ಶಾಸಕರಿಗೂ ಈ ಗೆರೆ ಮುಖ್ಯ. ತೆರಿಗೆ ಏರಿಸುವ ತಿದ್ದುಪಡಿಯನ್ನು ರಾಜ್ಯಪಾಲರ ಶಿಫಾರಸಿಲ್ಲದೆ ಮಂಡಿಸುವಂತಿಲ್ಲ. ಇದು 207ನೇ ಅನುಚ್ಛೇದ. ಶಿಫಾರಸು ಬರುವುದು ಸಂಪುಟದ ಸಲಹೆಯಂತೆ, ಅಂದರೆ ವಿರೋಧ ಪಕ್ಷದ ಶಾಸಕರಿಗೆ ಬರುವುದೇ ಇಲ್ಲ. ತೆರಿಗೆ ಇಳಿಸುವ, ರದ್ದು ಮಾಡುವ ತಿದ್ದುಪಡಿಗೆ ಶಿಫಾರಸು ಬೇಡ. ಶುಲ್ಕಕ್ಕೆ ಏರಿಸಲೂ ಬೇಡ, ಇಳಿಸಲೂ ಬೇಡ.

ತಿದ್ದುಪಡಿಯ ಸೂಚನೆ ಲಿಖಿತವಾಗಿರಬೇಕು. ಇಷ್ಟನೇ ಖಂಡ, ಇಷ್ಟನೇ ಸಾಲು, ‘ಐದುನೂರು ರೂಪಾಯಿಗಳು’ ಎಂಬ ಪದಗಳ ಬದಲಿಗೆ ‘ಇನ್ನೂರು ರೂಪಾಯಿಗಳು’ ಎಂಬ ಪದಗಳನ್ನು ಪ್ರತಿಸ್ಥಾಪಿಸತಕ್ಕದ್ದು. ಇಷ್ಟು ಕರಾರುವಾಕ್ಕಾಗಿಲ್ಲದಿದ್ದರೆ ಅದು ಭಾಷಣ, ತಿದ್ದುಪಡಿ ಅಲ್ಲ. ವಿಧೇಯಕದ ವ್ಯಾಪ್ತಿಯ ಹೊರಗೆ ಹೋದರೆ ಬೀಳುತ್ತದೆ: ಸ್ಟಾಂಪು ಕಾಯ್ದೆಯ ತಿದ್ದುಪಡಿ ವಿಧೇಯಕಕ್ಕೆ ನೋಂದಣಿ ಶುಲ್ಕದ ಕಡಿತವನ್ನು ಸೇರಿಸಲಾಗದು, ಅದು ಬೇರೆ ಕಾಯ್ದೆ. ಸದನ ಆಗಲೇ ಒಪ್ಪಿದ ಖಂಡಕ್ಕೆ ವಿರುದ್ಧವಾಗಿದ್ದರೂ ಬೀಳುತ್ತದೆ. ಇಡೀ ಖಂಡವನ್ನೇ ತೆಗೆಯಿರಿ ಎಂಬುದಕ್ಕೆ ತಿದ್ದುಪಡಿಯೇ ಬೇಕಿಲ್ಲ, ಖಂಡ ಮತಕ್ಕೆ ಬಂದಾಗ ‘ಇಲ್ಲ’ ಎಂದರೆ ಆಯಿತು. ಮೊದಲು ಎರಡನೇ ಖಂಡದಿಂದ ಕೊನೆಯವರೆಗೆ, ಆಮೇಲೆ ಅನುಸೂಚಿ, ಎಲ್ಲ ಮುಗಿದ ಮೇಲೆ ಒಂದನೇ ಖಂಡ ಮತ್ತು ಶೀರ್ಷಿಕೆ. ಶುಲ್ಕದ ಅಂಕಿ ಹೆಚ್ಚಾಗಿ ಅನುಸೂಚಿಯಲ್ಲಿ ಅಡಗಿರುತ್ತದೆ. ಖಂಡಗಳ ಮೇಲೆ ಜಗಳವಾಡಿ ಸುಸ್ತಾದ ಸದನ ಅನುಸೂಚಿಗೆ ಬರುವಾಗ ಅರ್ಧ ಖಾಲಿ.

ಕೆಡುವುದು ಬಹುತೇಕ ಸಮಯದ ವಿಚಾರದಲ್ಲಿ. ಅಧಿವೇಶನದ ಕೊನೆಯ ದಿನಗಳಲ್ಲಿ ವಿಧೇಯಕದ ಪ್ರತಿ ಕೈಸೇರಿದರೆ, ಮೂಲ ಕಾಯ್ದೆಯನ್ನು ಪಕ್ಕದಲ್ಲಿಟ್ಟು ಓದಿ ಸಾಲು ಸಂಖ್ಯೆ ಸಮೇತ ಸೂಚನೆ ಬರೆಯಲು ಪುರುಸೊತ್ತಿಲ್ಲ. ಗದ್ದಲದ ನಡುವೆ ಧ್ವನಿಮತ ಬಿದ್ದರೆ ಬರೆದಿದ್ದ ಸೂಚನೆಯೂ ವ್ಯರ್ಥ. ಇನ್ನೊಂದು, ಸಚಿವರು ‘ಪರಿಶೀಲಿಸುತ್ತೇವೆ’ ಎಂದ ಕೂಡಲೇ ತಿದ್ದುಪಡಿಯನ್ನು ಹಿಂದಕ್ಕೆ ಪಡೆಯುವುದು. ಭರವಸೆ ನಿರ್ದಿಷ್ಟವಾಗಿದ್ದು ಕಡತಕ್ಕೆ ಸೇರಿದರೆ ಸರ್ಕಾರಿ ಭರವಸೆಗಳ ಸಮಿತಿ ಅದರ ಬೆನ್ನು ಹತ್ತಬಹುದು; ‘ನೋಡೋಣ’ ಎಂಬುದರ ಬೆನ್ನು ಯಾರೂ ಹತ್ತಲಾರರು.

ಬಜೆಟ್ಟಿನ ಖರ್ಚಿನ ಕಡೆ ನಿಯಮ ಇನ್ನೂ ಬಿಗಿ. 2025ರ ಮಾರ್ಚ್ 7ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಮಂಡಿಸಿದ ಆಯವ್ಯಯದ ಗಾತ್ರ 4,09,549 ಕೋಟಿ ರೂ. ಇದು ಇಲಾಖಾವಾರು ಅನುದಾನ ಬೇಡಿಕೆಗಳಾಗಿ ವಿಧಾನಸಭೆಯ ಮುಂದೆ ಬರುತ್ತದೆ. ಆಯವ್ಯಯದ ಪುಸ್ತಕಗಳಲ್ಲಿ ‘ಪ್ರಭೃತ’ ಎಂದಿರುವ ಮೊತ್ತ, ಅಂದರೆ ಸಾಲದ ಬಡ್ಡಿ, ಹೈಕೋರ್ಟ್ ನ್ಯಾಯಮೂರ್ತಿಗಳ ಸಂಬಳ ಇತ್ಯಾದಿ, ಮತಕ್ಕೆ ಬರುವುದಿಲ್ಲ. ‘ಪುರಸ್ಕೃತ’ ಎಂದಿರುವುದು ಮಾತ್ರ ಬರುತ್ತದೆ. ಪರಿಷತ್ತು ಬಜೆಟ್ ಮೇಲೆ ಮಾತಾಡಬಹುದು, ಬೇಡಿಕೆಗೆ ಮತ ಹಾಕುವಂತಿಲ್ಲ. ಶಾಸಕರು ಬೇಡಿಕೆಯನ್ನು ಒಪ್ಪಬಹುದು, ನಿರಾಕರಿಸಬಹುದು, ತಗ್ಗಿಸಬಹುದು. ಒಂದು ರೂಪಾಯಿ ಏರಿಸಲು ಬರುವುದಿಲ್ಲ.

ಆದ್ದರಿಂದ ಮಂಗಳೂರಿನ ವೆನ್ಲಾಕ್ ಆಸ್ಪತ್ರೆಗೆ ಇನ್ನೂ 10 ಕೋಟಿ ಬೇಕೆನ್ನುವ ಶಾಸಕರು ‘10 ಕೋಟಿ ಸೇರಿಸಿ’ ಎಂಬ ತಿದ್ದುಪಡಿ ಕೊಟ್ಟರೆ ಅದು ಸ್ವೀಕಾರವಾಗದು. ಹೆಚ್ಚು ಕೇಳಲು ಕಡಿಮೆ ಮಾಡಿ ಎನ್ನಬೇಕು. ಇದಕ್ಕೆ ಇರುವ ದಾರಿ ಕಡಿತ ಸೂಚನೆ. ಲೋಕಸಭೆಯ ನಿಯಮಗಳಲ್ಲಿ ಇದಕ್ಕೆ ಮೂರು ರೂಪ: ನೀತಿಯನ್ನೇ ಒಪ್ಪದವರು ಬೇಡಿಕೆಯನ್ನು 1 ರೂಪಾಯಿಗೆ ಇಳಿಸಿ ಎನ್ನುತ್ತಾರೆ, ದುಂದುವೆಚ್ಚ ಎನ್ನುವವರು ನಿರ್ದಿಷ್ಟ ಮೊತ್ತ ಕಡಿಯಿರಿ ಎನ್ನುತ್ತಾರೆ, ಒಂದು ಕುಂದುಕೊರತೆಯನ್ನು ಚರ್ಚೆಗೆ ತರಬೇಕಾದವರು 100 ರೂಪಾಯಿ ತಗ್ಗಿಸಿ ಎನ್ನುತ್ತಾರೆ. ವೆನ್ಲಾಕಿನ ಮಾತು ಈ ಮೂರನೇ ಬಗೆಯದು. ಆ ನೂರು ರೂಪಾಯಿ ನಿಜಕ್ಕೂ ಕಡಿತವಾದರೆ ಸರ್ಕಾರದ ಮೇಲೆ ಸದನಕ್ಕೆ ವಿಶ್ವಾಸವಿಲ್ಲ ಎಂದೇ ಓದಲಾಗುತ್ತದೆ, ಹಾಗಾಗಿ ಬಹುಮತವಿರುವ ಸರ್ಕಾರ ಅದನ್ನು ಎಂದೂ ಬಿಟ್ಟುಕೊಡುವುದಿಲ್ಲ. ಬೇಡಿಕೆಗಳು ಮುಗಿದ ಮೇಲೆ, ಸಂಚಿತ ನಿಧಿಯಿಂದ ಆ ಹಣ ತೆಗೆಯಲು ಬರುವ ಧನವಿನಿಯೋಗ ವಿಧೇಯಕದಲ್ಲಂತೂ ಮೊತ್ತ ಬದಲಿಸುವ, ಉದ್ದೇಶ ಬದಲಿಸುವ ತಿದ್ದುಪಡಿಗೆ 204ನೇ ಅನುಚ್ಛೇದ ಬಾಗಿಲನ್ನೇ ಮುಚ್ಚಿದೆ.

ಹಾಗೆ ನೋಡಿದರೆ ಬಜೆಟ್ಟಿಗಿಂತ ಶುಲ್ಕದ ವಿಧೇಯಕದಲ್ಲೇ ಶಾಸಕರ ಕೈ ಉದ್ದ. ಆದರೆ ಆ ಉದ್ದ ಕೈಗೆ ಹಿಡಿಯಲು ಏನೂ ಸಿಗದಂತೆ ಬರೆಯುವ ಒಂದು ಪದ ಇದೆ: ‘ನಿಯಮಿಸಬಹುದಾದಂಥ’. ‘ನಿಯಮಿಸಬಹುದಾದಂಥ ಶುಲ್ಕವನ್ನು ಸಂದಾಯ ಮಾಡತಕ್ಕದ್ದು’ ಎಂದು ಖಂಡದಲ್ಲಿದ್ದರೆ, ದರ ಕಾಯ್ದೆಯಲ್ಲಿಲ್ಲ, ನಾಳೆ ಇಲಾಖೆ ಬರೆಯುವ ನಿಯಮದಲ್ಲಿದೆ ಎಂದರ್ಥ. ಕರಾವಳಿಯ ಕೆಂಪುಕಲ್ಲಿನ ರಾಜಧನ ಹೀಗೆಯೇ: ಅದರ ದರ ಇರುವುದು 1994ರ ಕರ್ನಾಟಕ ಉಪಖನಿಜ ರಿಯಾಯಿತಿ ನಿಯಮಗಳಲ್ಲಿ, ಏರಿದರೂ ಇಳಿದರೂ ಅಧಿಸೂಚನೆಯಲ್ಲಿ. ಡ್ರೈವಿಂಗ್ ಲೈಸೆನ್ಸಿನ ಶುಲ್ಕವಂತೂ 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿದೆ. ಅದರ ಬಗ್ಗೆ ಉಡುಪಿಯ ಶಾಸಕರನ್ನು ಹಿಡಿದು ಕೇಳಿ ಪ್ರಯೋಜನವಿಲ್ಲ, ಸಂಸದರನ್ನು ಕೇಳಬೇಕು. ನಿಯಮಗಳನ್ನು ಆಮೇಲೆ ಸದನದ ಮುಂದೆ ಇಡುತ್ತಾರೆ, ಇಂಥ ನಿಯಮಗಳನ್ನು ಪರಿಶೀಲಿಸುವ ಅಧೀನ ಶಾಸನ ರಚನಾ ಸಮಿತಿ ನೋಡಬಹುದು, ಸದನ ತಿದ್ದಲೂಬಹುದು. ಅಷ್ಟರಲ್ಲಿ ವಸೂಲಿ ನಡೆದಿರುತ್ತದೆ.

ಹಾಗಾಗಿ ವಿಧೇಯಕದ ಪ್ರತಿ ಕೈಗೆ ಬಂದಾಗ ಹಿಂದಿನಿಂದ ಓದುವುದು ಅನುಭವಿಗಳ ಅಭ್ಯಾಸ. ಉದ್ದೇಶ ಮತ್ತು ಕಾರಣಗಳ ಹೇಳಿಕೆಯ ನಂತರ ಆರ್ಥಿಕ ಜ್ಞಾಪನ ಪತ್ರ ಇರುತ್ತದೆ. ಸರ್ಕಾರಕ್ಕೆ ಖರ್ಚು ಬರುತ್ತದೋ ಇಲ್ಲವೋ ಎಂದು ಅದು ಹೇಳುತ್ತದೆ, ನಮಗೆ ಎಷ್ಟು ಬೀಳುತ್ತದೆ ಎಂದಲ್ಲ. ಯಾವ ಯಾವ ಖಂಡದಲ್ಲಿ ನಿಯಮ ರಚಿಸುವ ಅಧಿಕಾರ ಇಲಾಖೆಗೆ ಹೋಗುತ್ತಿದೆ ಎಂಬುದು ಪ್ರತ್ಯಾಯೋಜಿತ ಶಾಸನದ ಜ್ಞಾಪನ ಪತ್ರದಲ್ಲಿ ಖಂಡದ ಸಂಖ್ಯೆ ಸಮೇತ ಸಿಗುತ್ತದೆ. ಅಲ್ಲಿ ಶುಲ್ಕದ ಖಂಡ ಕಂಡರೆ ಕೊಡಬೇಕಾದ ತಿದ್ದುಪಡಿ ಚಿಕ್ಕದು: ‘ನಿಯಮಿಸಬಹುದಾದಂಥ ಶುಲ್ಕ’ ಎಂಬ ಪದಗಳ ಬದಲಿಗೆ, ‘ಒಂದು ಸಾವಿರ ರೂಪಾಯಿಗಳನ್ನು ಮೀರದಂತೆ ನಿಯಮಿಸಬಹುದಾದಂಥ ಶುಲ್ಕ’ ಎಂಬ ಪದಗಳನ್ನು ಪ್ರತಿಸ್ಥಾಪಿಸತಕ್ಕದ್ದು.