13 ವರ್ಷ ಹೊರಗಿದ್ದ ಡ್ರಮ್ಮರ್, ಮತ್ತೆ ಒಂದಾದ ಡ್ರೀಮ್ ಥಿಯೇಟರ್

ಮೈಸೂರಿನಲ್ಲಿ ಪ್ರೊಗ್ರೆಸಿವ್ ರಾಕ್, ಅಂದರೆ ಲಯ ಮತ್ತು ರಚನೆ ಜಟಿಲವಾಗಿರುವ ರಾಕ್ ಸಂಗೀತ, ಕೇಳುವವರು ಜಾಸ್ತಿ ಇಲ್ಲ. ಆದರೆ ಕೇಳುವ ಕಿವಿ ಈ ಊರಿಗೆ ಇದೆ. ವಿ.ವಿ. ಮೊಹಲ್ಲಾದ ಎಂಟನೇ ಕ್ರಾಸ್ ಗಣಪತಿ ಉತ್ಸವದ ಸಂಗೀತ ಕಛೇರಿಗಳಲ್ಲಿ ತನಿ ಆವರ್ತನ (ಮೃದಂಗದಂಥ ಲಯವಾದ್ಯಗಳು ಮಾತ್ರ ನುಡಿಯುವ ಭಾಗ) ಕೇಳಿ ಬೆಳೆದವರಿಗೆ ಏಳು ಎಣಿಕೆಯ ಮಿಶ್ರ ಚಾಪು, ಐದು ಎಣಿಕೆಯ ಖಂಡ ಚಾಪು ತಾಳಗಳು ಹೊಸದೇನಲ್ಲ. ಅಮೆರಿಕದ ಡ್ರೀಮ್ ಥಿಯೇಟರ್ ಬ್ಯಾಂಡ್ ಓಡಾಡುವುದೂ ಇಂಥ ಲೆಕ್ಕಗಳಲ್ಲೇ. ಒಂದೇ ವ್ಯತ್ಯಾಸ. ನಮ್ಮಲ್ಲಿ ತಾಳ ನಿಂತಿರುತ್ತದೆ, ಲೆಕ್ಕಾಚಾರ ಅದರ ಮೇಲೆ ನಡೆಯುತ್ತದೆ. ಅವರಲ್ಲಿ ತಾಳವೇ ಬದಲಾಗುತ್ತಾ ಹೋಗುತ್ತದೆ. 1999ರ ‘ದ ಡಾನ್ಸ್ ಆಫ್ ಎಟರ್ನಿಟಿ’ ಎಂಬ ಅವರ ರಚನೆಯಲ್ಲಿ ಆರು ನಿಮಿಷ ಚಿಲ್ಲರೆಯಲ್ಲಿ ನೂರಕ್ಕೂ ಜಾಸ್ತಿ ಸಲ! ಕೈಯಲ್ಲಿ ತಾಳ ಹಾಕಿಕೊಂಡು ಕೇಳಿ ನೋಡಿ.

ಇಂಥ ಬ್ಯಾಂಡಿನಿಂದ ಡ್ರಮ್ಮರ್ ಹೋದರೆ ಏನಾಗಬೇಕು?

1985ರಲ್ಲಿ ಬಾಸ್ಟನ್‌ನ ಬರ್ಕ್‌ಲೀ ಸಂಗೀತ ಕಾಲೇಜಿನಲ್ಲಿ ಗಿಟಾರಿಸ್ಟ್ ಜಾನ್ ಪೆಟ್ರೂಚಿ, ಬಾಸ್ ಗಿಟಾರ್ ನುಡಿಸುವ ಜಾನ್ ಮ್ಯುಂಗ್, ಡ್ರಮ್ಮರ್ ಮೈಕ್ ಪೋರ್ಟ್‌ನಾಯ್ ಸೇರಿ ಬ್ಯಾಂಡ್ ಕಟ್ಟಿದರು. ಆಮೇಲೆ ಕಾಲೇಜನ್ನೇ ಬಿಟ್ಟರು. 1992ರ ಆಲ್ಬಮ್ ‘ಇಮೇಜಸ್ ಅಂಡ್ ವರ್ಡ್ಸ್’ ಹೆಸರು ತಂದಿತು. ಪೋರ್ಟ್‌ನಾಯ್ ಬರೀ ಡ್ರಮ್ಸ್ ಬಾರಿಸುತ್ತಿರಲಿಲ್ಲ. ಹಾಡು ಬರೆಯುತ್ತಿದ್ದರು, ಪೆಟ್ರೂಚಿ ಜೊತೆ ಆಲ್ಬಮ್ ನಿರ್ಮಿಸುತ್ತಿದ್ದರು, ಯಾವ ರಾತ್ರಿ ಯಾವ ಹಾಡು ಅಂತ ತೀರ್ಮಾನಿಸುತ್ತಿದ್ದರು. ಕುಡಿತ ಬಿಟ್ಟ ತಮ್ಮ ದಾರಿಯನ್ನೇ ಐದು ಆಲ್ಬಮ್‌ಗಳಲ್ಲಿ ಹರಡಿದ ಐದು ಹಾಡುಗಳಾಗಿ ಬರೆದರು.

2010ರಲ್ಲಿ ಅವರು ಕೇಳಿದ್ದು ಒಂದಷ್ಟು ಬಿಡುವು. ಉಳಿದವರಿಗೆ ಅದು ಬೇಡವಾಗಿತ್ತು. ಸೆಪ್ಟೆಂಬರ್‌ನಲ್ಲಿ ಅವರು ಹೊರಟರು. ಆಮೇಲೆ ವಾಪಸ್ ಬರ್ತೀನಿ ಅಂದಾಗ ಬಾಗಿಲು ಮುಚ್ಚಿತ್ತು. ಅಷ್ಟರಲ್ಲಿ ಡ್ರಮ್ಸ್‌ಗೆ ಮೈಕ್ ಮಂಜಿನಿ ಬಂದಿದ್ದರು. ಮಂಜಿನಿಯವರನ್ನು ‘ಬದಲಿ ಆಟಗಾರ’ ಅಂತ ನೋಡುವುದು ತಪ್ಪು. ಅವರ ಜೊತೆ ಐದು ಆಲ್ಬಮ್ ಬಂದವು. 2022ರಲ್ಲಿ ಬ್ಯಾಂಡಿಗೆ ಮೊದಲ ಗ್ರ್ಯಾಮಿ ಸಿಕ್ಕಿದ್ದೂ ಅವರಿದ್ದಾಗಲೇ.

ಮುನಿಸು ಕರಗಿದ್ದು ಬ್ಯಾಂಡಿನ ಹೊರಗೆ. 2020ರಲ್ಲಿ ಪೆಟ್ರೂಚಿ ತಮ್ಮ ಸೋಲೋ ಆಲ್ಬಮ್‌ಗೆ ಪೋರ್ಟ್‌ನಾಯ್ ಅವರನ್ನೇ ಕರೆದರು. ಇಬ್ಬರೂ ಮತ್ತೆ ಕೂಡಿ ನುಡಿಸಿದ ‘ಲಿಕ್ವಿಡ್ ಟೆನ್ಶನ್ ಎಕ್ಸ್‌ಪೆರಿಮೆಂಟ್’ ತಂಡದ ಆಲ್ಬಮ್ ಮರುವರ್ಷ ಬಂತು. ಮಾತಿಗಿಂತ ಮೊದಲು ಲಯ ಕೂಡಿಬಂತು ಅಂತ ನನಗನ್ನಿಸುತ್ತದೆ. ಗಾಯಕ ಜೇಮ್ಸ್ ಲಾಬ್ರಿ ಜೊತೆಗಿನ ಮನಸ್ತಾಪ ತಿಳಿಯಾಗಲು ಇನ್ನೂ ಸ್ವಲ್ಪ ಕಾಲ ಬೇಕಾಯಿತು. 2023ರ ಅಕ್ಟೋಬರ್‌ನಲ್ಲಿ ಪೋರ್ಟ್‌ನಾಯ್ ಮರಳಿದರು. ಮಂಜಿನಿ ಆ ನಿರ್ಧಾರ ತಮಗೆ ಅರ್ಥವಾಗುತ್ತದೆ ಅಂದರು. ಎಂಥ ದೊಡ್ಡತನ ಅಲ್ವಾ?

2025ರ ಫೆಬ್ರವರಿ 7ರಂದು ಬಂದ ‘ಪ್ಯಾರಾಸೋಮ್ನಿಯಾ’, 2009ರ ನಂತರ ಪೋರ್ಟ್‌ನಾಯ್ ಜೊತೆ ಬ್ಯಾಂಡ್ ಮಾಡಿದ ಮೊದಲ ಆಲ್ಬಮ್. ಎಂಟು ಟ್ರ್ಯಾಕ್, ಸುಮಾರು 71 ನಿಮಿಷ. ವಿಷಯ ನಿದ್ದೆಯ ಕಾಟಗಳು: ರಾತ್ರಿ ಬೆಚ್ಚಿಬೀಳುವುದು, ಅರೆನಿದ್ದೆಯಲ್ಲಿ ಕಾಣುವ ನೆರಳಿನ ಮನುಷ್ಯ, ನಿದ್ದೆಯಲ್ಲೇ ಕೊಲೆ ಮಾಡಿದವನ ಕಥೆ.

ಹೊಸ ದಾರಿ ಹುಡುಕುವವರಿಗೆ ಇದು ಸಾಲದು. ತೊಂಬತ್ತರ ದಶಕದ ಅವರ ಎತ್ತರಕ್ಕೂ ಇದು ಏರುವುದಿಲ್ಲ. ಆದರೆ 19 ನಿಮಿಷ ದಾಟುವ ಕೊನೆಯ ಹಾಡಿನಲ್ಲಿ ಡ್ರಮ್ಸ್ ಲೆಕ್ಕ ತೋರಿಸುವುದನ್ನು ಬಿಟ್ಟು ಹಾಡನ್ನು ಹಿಡಿದುಕೊಂಡು ನಡೆಯುತ್ತದೆ. ಒಳ್ಳೆಯ ಮೃದಂಗದವರು ಕೃತಿಗೆ ನುಡಿಸುವುದೂ ಹೀಗೇ. ಆಲ್ಬಮ್ಮನ್ನು ಅಲ್ಲಿಂದಲೇ ಶುರು ಮಾಡಿ.