ಕಲ್ಲು ತೆಗೆಯುವ ಬದಲು ಚೀಲವನ್ನೇ ಏಕೆ ತೆಗೆಯುತ್ತಾರೆ?

ಹಾಸನದ ಕಡೆ ಯಾರಿಗಾದರೂ ಸ್ಕ್ಯಾನಿಂಗ್‌ನಲ್ಲಿ ಪಿತ್ತಕೋಶದ ಕಲ್ಲು ಕಂಡಿತು ಅಂತ ಗೊತ್ತಾದರೆ ಸಾಕು, ಸಂಜೆಯೊಳಗೆ ಮನೆಗೆ ಬಾಳೆದಿಂಡು ಬಂದಿರುತ್ತದೆ. ಒಬ್ಬರು ದಿಂಡಿನ ರಸ ಕುಡಿ ಅನ್ನುತ್ತಾರೆ, ಇನ್ನೊಬ್ಬರು ಹುರುಳಿ ಕಟ್ಟು, ಮತ್ತೊಬ್ಬರು ಬೆಳಗ್ಗೆ ಖಾಲಿ ಹೊಟ್ಟೆಗೆ ಕಾಡುಬಸಳೆ ಎಲೆ. ಜೊತೆಗೆ ಒಂದು ಸಾಕ್ಷಿಯೂ ಇರುತ್ತದೆ: 'ನಮ್ಮ ಭಾವನಿಗೆ ಇದರಲ್ಲೇ ಕಲ್ಲು ಉದುರಿಹೋಯ್ತು.' ಭಾವನ ಕಲ್ಲು ಉದುರಿದ್ದು ನಿಜವೇ ಇರಬಹುದು. ಆದರೆ ಅದು ಕಿಡ್ನಿಯ ಕಲ್ಲು!

ಈ ಎರಡನ್ನೂ ಒಂದೇ ಅಂದುಕೊಳ್ಳುವುದರಿಂದ ಆಗುವ ಅನಾಹುತ ಸಣ್ಣದಲ್ಲ. ಕಿಡ್ನಿಯ ಕಲ್ಲು ಹೆಚ್ಚಾಗಿ ಕ್ಯಾಲ್ಸಿಯಂ ಆಕ್ಸಲೇಟ್. ಅದು ಮೂತ್ರದಲ್ಲಿ ಬೆಳೆಯುತ್ತದೆ. 5 ಮಿಲಿಮೀಟರಿಗಿಂತ ಸಣ್ಣದಿದ್ದರೆ ಚೆನ್ನಾಗಿ ನೀರು ಕುಡಿದವರಲ್ಲಿ ಬಹಳಷ್ಟು ಸಲ ತಾನಾಗಿಯೇ ಹೊರಗೆ ಹೋಗುತ್ತದೆ, ಹೆಸರು ಬಾಳೆದಿಂಡಿಗೆ ಬರುತ್ತದೆ. ಪಿತ್ತಕೋಶದ ಕಲ್ಲು ಇರುವ ಜಾಗವೇ ಬೇರೆ, ಅದು ಆಗಿರುವ ವಸ್ತುವೇ ಬೇರೆ. ಎಷ್ಟು ನೀರು ಕುಡಿದರೂ ಆ ನೀರು ಪಿತ್ತಕೋಶವನ್ನು ತೊಳೆದುಕೊಂಡು ಹೋಗುವುದಿಲ್ಲ. ಇನ್ನೊಂದು ಮುಖ್ಯವಾದ ವ್ಯತ್ಯಾಸವಿದೆ. ಕಿಡ್ನಿಯ ಕಲ್ಲು ಜಾರಿ ಹೊರಗೆ ಬಂದರೆ ಅಲ್ಲಿಗೆ ಕಥೆ ಮುಗಿಯಿತು. ಪಿತ್ತಕೋಶದ ಕಲ್ಲು ಜಾಗ ಬಿಟ್ಟು ಜಾರಿದರೆ ನಿಜವಾದ ತೊಂದರೆ ಶುರುವಾಗುವುದೇ ಆಗ.

ನಾಟಿ ಕೋಳಿ ಕೊಯ್ದು ಅಭ್ಯಾಸ ಇರುವವರಿಗೆ ಪಿತ್ತಕೋಶದ ಪರಿಚಯ ಮಾಡಿಕೊಡಬೇಕಿಲ್ಲ. ಲಿವರ್‌ಗೆ ಅಂಟಿಕೊಂಡ ಹಸಿರು ಚೀಲ, ಒಡೆದರೆ ಮಾಂಸವೆಲ್ಲ ಕಹಿ. ನಮ್ಮಲ್ಲೂ ಅದೇ, ಬಲಗಡೆ ಪಕ್ಕೆಲುಬಿನ ಕೆಳಗೆ. ಲಿವರ್ ದಿನಕ್ಕೆ ಮುಕ್ಕಾಲು ಲೀಟರಿನಷ್ಟು ಪಿತ್ತರಸ ಮಾಡುತ್ತದೆ. ಪಿತ್ತಕೋಶದಲ್ಲಿ ಹಿಡಿಸುವುದು 30ರಿಂದ 50 ಮಿಲಿಲೀಟರ್ ಅಷ್ಟೆ. ಹಾಗಾಗಿ ಅದು ರಸದಲ್ಲಿರುವ ನೀರನ್ನು ಹೀರಿ ಹೀರಿ ಐದರಿಂದ ಹತ್ತು ಪಟ್ಟು ಗಟ್ಟಿ ಮಾಡಿ ಇಟ್ಟುಕೊಳ್ಳುತ್ತದೆ. ಕಲ್ಲಿನ ಹುಟ್ಟು ಇರುವುದು ಈ ಗಟ್ಟಿ ಮಾಡುವ ಕೆಲಸದಲ್ಲೇ.

ಈ ವಿಷಯ ನನಗೆ ಬಹಳ ಇಷ್ಟ, ಸ್ವಲ್ಪ ಬಿಡಿಸಿ ಹೇಳುತ್ತೇನೆ. ಲಿವರ್ ತನಗೆ ಬೇಡವಾದ ಕೊಲೆಸ್ಟ್ರಾಲನ್ನು ಪಿತ್ತರಸದ ಮೂಲಕ ಹೊರಗೆ ಕಳಿಸುತ್ತದೆ. ಕೊಲೆಸ್ಟ್ರಾಲ್ ನೀರಿನಲ್ಲಿ ಕರಗುವ ವಸ್ತುವಲ್ಲ. ಅದನ್ನು ತೇಲಿಸಿ ಇಡುವುದು ಪಿತ್ತ ಲವಣಗಳು ಮತ್ತು ಲೆಸಿಥಿನ್ ಎಂಬ ಕೊಬ್ಬಿನ ಅಣುಗಳು. ಇವುಗಳ ಒಂದು ತುದಿಗೆ ನೀರು ಇಷ್ಟ, ಇನ್ನೊಂದು ತುದಿಗೆ ಕೊಬ್ಬು ಇಷ್ಟ. ಹತ್ತಾರು ಅಣುಗಳು ಸುತ್ತ ನಿಂತು ಕೊಲೆಸ್ಟ್ರಾಲನ್ನು ಒಳಗೆ ಬಚ್ಚಿಟ್ಟುಕೊಳ್ಳುತ್ತವೆ. ಈ ಲೆಕ್ಕ ಸರಿ ಇರುವವರೆಗೂ ರಸ ತಿಳಿಯಾಗಿ ಹರಿಯುತ್ತದೆ. ಕೊಲೆಸ್ಟ್ರಾಲ್ ಜಾಸ್ತಿಯಾಯಿತೋ, ಲವಣ ಕಡಿಮೆಯಾಯಿತೋ, ಲೆಕ್ಕ ತಪ್ಪಿತು.

ಮಲೆನಾಡಿನ ಮನೆಗಳಲ್ಲಿ ಜೋನಿ ಬೆಲ್ಲದ ಡಬ್ಬ ಇರುತ್ತದಲ್ವಾ, ತಿಂಗಳುಗಟ್ಟಲೆ ಅಲುಗಾಡಿಸದೆ ಇಟ್ಟರೆ ತಳದಲ್ಲಿ ಸಕ್ಕರೆ ಹರಳು ಕೂತಿರುತ್ತದೆ. ಯಾರೂ ಅದಕ್ಕೆ ಸಕ್ಕರೆ ಹಾಕಿರುವುದಿಲ್ಲ. ಪಾಕ ಹಿಡಿದಿಡಬಲ್ಲದ್ದಕ್ಕಿಂತ ಸಕ್ಕರೆ ಅದರಲ್ಲಿ ಜಾಸ್ತಿ ಇತ್ತು, ಡಬ್ಬ ಕದಲಲಿಲ್ಲ, ಯಾವುದೋ ಒಂದು ಸಣ್ಣ ಕಣ ಸಿಕ್ಕಿತು, ಅದರ ಸುತ್ತ ಹರಳು ಬೆಳೆಯಿತು. ಪಿತ್ತಕೋಶದಲ್ಲೂ ಈ ಮೂರೂ ಕೂಡಿ ಬರಬೇಕು. ರಸದಲ್ಲಿ ಕೊಲೆಸ್ಟ್ರಾಲ್ ಮಿತಿ ಮೀರಬೇಕು. ಚೀಲ ಸರಿಯಾಗಿ ಹಿಂಡಿಕೊಳ್ಳದೆ ರಸ ನಿಂತಿರಬೇಕು. ಚೀಲದ ಗೋಡೆಯಿಂದ ಬರುವ ಮ್ಯೂಸಿನ್ ಎಂಬ ಲೋಳೆ ಹರಳಿಗೆ ಹಿಡಿತ ಕೊಡಬೇಕು. ಆಮೇಲೆ ವರ್ಷಕ್ಕೆ ಒಂದೆರಡು ಮಿಲಿಮೀಟರಿನಂತೆ ಕಲ್ಲು ಬೆಳೆಯುತ್ತದೆ.

ಹೆಂಗಸರಿಗೆ ಈ ಕಲ್ಲು ಜಾಸ್ತಿ ಏಕೆ ಅನ್ನುವುದೂ ಇದರಿಂದಲೇ ಅರ್ಥವಾಗುತ್ತದೆ. ಈಸ್ಟ್ರೋಜೆನ್ ಪಿತ್ತರಸಕ್ಕೆ ಕೊಲೆಸ್ಟ್ರಾಲ್ ಜಾಸ್ತಿ ಸೇರಿಸುತ್ತದೆ, ಬಸುರಿನಲ್ಲಿ ಏರುವ ಪ್ರೊಜೆಸ್ಟರಾನ್ ಚೀಲವನ್ನು ನಿಧಾನ ಮಾಡುತ್ತದೆ. ತಿಂಗಳಿಗೆ ಹತ್ತು ಕೆಜಿ ಇಳಿಸುತ್ತೇವೆ ಅಂತ ಊಟ ಬಿಡುವವರಿಗೂ ಇದೇ ಅಪಾಯ. ಕರಗಿದ ಕೊಬ್ಬಿನ ಕೊಲೆಸ್ಟ್ರಾಲ್ ಪಿತ್ತಕ್ಕೆ ಬರುತ್ತದೆ, ಊಟ ಇಲ್ಲದ ಕಾರಣ ಚೀಲ ಹಿಂಡಿಕೊಳ್ಳುವುದಿಲ್ಲ. ರಕ್ತದ ಕೊಲೆಸ್ಟ್ರಾಲ್ ನಾರ್ಮಲ್ ಇದ್ದವರಿಗೂ ಕಲ್ಲು ಬರುತ್ತದೆ, ಆ ರಿಪೋರ್ಟ್ ನೋಡಿ ಗಾಬರಿಯೂ ಬೇಡ, ಸಮಾಧಾನವೂ ಬೇಡ.

ಎಲ್ಲ ಕಲ್ಲೂ ಕೊಲೆಸ್ಟ್ರಾಲ್ ಅಲ್ಲ. ಕೆಂಪು ರಕ್ತಕಣ ಬೇಗ ಒಡೆಯುವ ಕಾಯಿಲೆ ಇರುವವರಲ್ಲಿ, ಲಿವರ್ ಹಾಳಾದವರಲ್ಲಿ ಬಿಲಿರುಬಿನ್ ಎಂಬ ಬಣ್ಣದ ವಸ್ತುವಿನಿಂದ ಕಪ್ಪು ಕಲ್ಲು ಆಗುತ್ತದೆ. ನಮ್ಮಲ್ಲಿ ಕೂಸಿಗೆ ತೇಯ್ದು ನೆಕ್ಕಿಸುವ ಗೋರೋಚನ ಕೂಡ ದನದ ಪಿತ್ತಕೋಶದ ಕಲ್ಲೇ, ಮುಖ್ಯವಾಗಿ ಇದೇ ಬಿಲಿರುಬಿನ್. ಅದನ್ನು ಹಸುಗೂಸಿಗೆ ಕೊಡಲು ಒಂದೇ ಒಂದು ಒಳ್ಳೆಯ ಕಾರಣ ನನಗೆ ಕಾಣುವುದಿಲ್ಲ.

ಚಿಕ್ಕಮಗಳೂರಿನವರು ಖುಷಿ ಪಡುವ ಮಾತೂ ಒಂದಿದೆ. 1999ರಲ್ಲಿ ಅಮೆರಿಕದಲ್ಲಿ 46 ಸಾವಿರ ಗಂಡಸರನ್ನು ವರ್ಷಗಟ್ಟಲೆ ಗಮನಿಸಿದ ಅಧ್ಯಯನವೊಂದು ಪ್ರಕಟವಾಯಿತು. ದಿನಕ್ಕೆ ಎರಡು ಮೂರು ಲೋಟ ಕಾಫಿ ಕುಡಿಯುವವರಲ್ಲಿ ತೊಂದರೆ ಕೊಡುವ ಪಿತ್ತಕೋಶದ ಕಲ್ಲು ಸುಮಾರು 40 ಶೇಕಡಾ ಕಡಿಮೆ ಕಂಡಿತು. ಕಾಫಿ ಕುಡಿದಾಗ ಪಿತ್ತಕೋಶ ಹಿಂಡಿಕೊಳ್ಳುತ್ತದೆ, ರಸ ನಿಲ್ಲುವುದಿಲ್ಲ. ಆದರೆ ಇದು ಔಷಧಿಯಲ್ಲ. ಆಗಲೇ ಕಲ್ಲಿದ್ದವರಲ್ಲಿ ಅದೇ ಹಿಂಡುವಿಕೆ ನೋವು ತರಬಹುದು.

ನೋವಿನ ಮಾತಿಗೆ ಬಂದರೆ, ನಮ್ಮ ಕಡೆ ಹೊಟ್ಟೆಯ ಮೇಲ್ಭಾಗದ ಯಾವ ನೋವಿಗೂ ಇರುವುದು ಒಂದೇ ಹೆಸರು, ಗ್ಯಾಸ್ಟ್ರಿಕ್. ಬೀಗರೂಟದಲ್ಲಿ ಮಟನ್, ಕೊಬ್ಬು ಚೆನ್ನಾಗಿ ಹೊಡೆದು ಬಂದು ಮಲಗಿದವರಿಗೆ ಮಧ್ಯರಾತ್ರಿ ಹೊಟ್ಟೆಯ ನಡುವೆ ಅಥವಾ ಬಲಗಡೆ ಹಿಂಡಿದಂತೆ ನೋವು, ಬೆನ್ನಿಗೆ ಬಲ ಭುಜದ ಕಡೆಗೆ ಎಳೆತ, ವಾಂತಿ. ಅರ್ಧ ಗಂಟೆಯಿಂದ ಕೆಲವು ಗಂಟೆವರೆಗೆ ಇರುತ್ತದೆ, ಆಮೇಲೆ ಏನೂ ಆಗಿಲ್ಲವೆಂಬಂತೆ ನಿಂತುಹೋಗುತ್ತದೆ. ಮನೆಯವರು ಸೋಡಾ ಕೊಟ್ಟಿರುತ್ತಾರೆ, ಸೋಡಾದಿಂದಲೇ ಹೋಯಿತು ಅನ್ನಿಸುತ್ತದೆ. ಒಳಗೆ ಆಗಿದ್ದು ಇಷ್ಟು: ಕೊಬ್ಬು ಸಣ್ಣ ಕರುಳಿಗೆ ಇಳಿದಾಗ ಕೊಲೆಸಿಸ್ಟೊಕೈನಿನ್ ಎಂಬ ಹಾರ್ಮೋನ್ ಹೊರಡುತ್ತದೆ, ಅದನ್ನು ಗುರುತಿಸಿದ್ದು 1928ರಲ್ಲಿ. ಅದು ಪಿತ್ತಕೋಶಕ್ಕೆ ಹಿಂಡಿಕೋ ಅನ್ನುತ್ತದೆ. ಚೀಲದ ಬಾಯಲ್ಲಿ ಕಲ್ಲು ಅಡ್ಡ ನಿಂತಿದ್ದರೆ ಅದು ಮುಚ್ಚಿದ ಬಾಗಿಲಿನ ವಿರುದ್ಧ ಹಿಂಡುತ್ತಲೇ ಇರುತ್ತದೆ. ಕಲ್ಲು ಹಿಂದೆ ಜಾರಿದಾಗ ನೋವು ಹೋಗುತ್ತದೆ. ಭುಜಕ್ಕೂ ಇದಕ್ಕೂ ಏನು ಸಂಬಂಧ ಅಂತ ಕೇಳುತ್ತಾರೆ. ಎದೆಗೂ ಹೊಟ್ಟೆಗೂ ನಡುವೆ, ಲಿವರ್ ಮೇಲೆ ಇರುವ ವಪೆ ಎಂಬ ಸ್ನಾಯುವಿನ ಪರದೆಗೆ ಹೋಗುವ ನರವೂ ಭುಜದ ಚರ್ಮದ ನರವೂ ಕುತ್ತಿಗೆಯ ಒಂದೇ ಭಾಗದಿಂದ ಹೊರಡುತ್ತವೆ, ಮೆದುಳಿಗೆ ಗೊಂದಲವಾಗುತ್ತದೆ. ಒಂದು ಎಚ್ಚರಿಕೆ: ಇಂಥ ನೋವು ಹೃದಯಾಘಾತವೂ ಇರಬಹುದು. ಮಧ್ಯವಯಸ್ಸಿನವರಿಗೆ ಮೊದಲ ಸಲ ಬಂದಾಗ ಇಸಿಜಿ ಮಾಡಿಸದೆ ಗ್ಯಾಸ್ಟ್ರಿಕ್ ಅನ್ನಬೇಡಿ.

ಇಷ್ಟೆಲ್ಲ ಹೇಳಿದ ಮೇಲೆ, ಕಲ್ಲು ಕಂಡವರೆಲ್ಲ ಆಪರೇಷನ್ ಟೇಬಲ್ ಹತ್ತಬೇಕು ಅಂತಲ್ಲ. ಬೇರೆ ಯಾವುದಕ್ಕೋ ಸ್ಕ್ಯಾನ್ ಮಾಡಿಸಿದಾಗ ಸುಮ್ನೆ ಕಂಡ ಕಲ್ಲು, ನೋವೇ ಇಲ್ಲ ಅನ್ನುವುದಾದರೆ, ಹೆಚ್ಚಿನವರಿಗೆ ಅದು ಜೀವಮಾನವಿಡೀ ತಂಟೆ ಮಾಡುವುದಿಲ್ಲ. ಅಂಥ ನೂರು ಜನರಲ್ಲಿ ವರ್ಷಕ್ಕೆ ನಾಲ್ವರಿಗಿಂತ ಕಡಿಮೆ ಮಂದಿಗೆ ನೋವು ಶುರುವಾಗುತ್ತದೆ. 3 ಸೆಂಟಿಮೀಟರಿಗಿಂತ ದೊಡ್ಡ ಕಲ್ಲು, ಪಕ್ಕದಲ್ಲಿ ಪಾಲಿಪ್ ಎಂಬ ದೊಡ್ಡ ಗಂಟು ಇರುವಂಥ ಕೆಲವು ಸಂದರ್ಭ ಬಿಟ್ಟರೆ ಅದನ್ನು ಅದರ ಪಾಡಿಗೆ ಬಿಡಬಹುದು. ಒಮ್ಮೆ ನೋವು ಬಂತು ಅಂದರೆ ಲೆಕ್ಕ ಬದಲಾಗುತ್ತದೆ, ಅದು ಮತ್ತೆ ಬರುವ ಸಾಧ್ಯತೆಯೇ ಜಾಸ್ತಿ.

ನನಗೆ ನಿಜವಾಗಿ ಭಯ ಆಗುವುದು ಕಾಮಾಲೆಯ ವಿಷಯದಲ್ಲಿ. ಸಣ್ಣ ಕಲ್ಲು ಜಾರಿ ಪಿತ್ತನಾಳದಲ್ಲಿ ಸಿಕ್ಕಿಕೊಂಡರೆ ಪಿತ್ತ ಕರುಳಿಗೆ ಇಳಿಯದೆ ರಕ್ತಕ್ಕೆ ಸೇರುತ್ತದೆ. ಕಣ್ಣು ಹಳದಿ, ಮೂತ್ರ ಗಾಢ, ಮಲ ಸುಣ್ಣದಂತೆ ಬಿಳಚಿಕೊಂಡಿರುತ್ತದೆ, ಮೈಯೆಲ್ಲ ತುರಿಕೆ. ನಮ್ಮಲ್ಲಿ ಕಾಮಾಲೆ ಅಂದ ಕೂಡಲೇ ಸೊಪ್ಪಿನ ಔಷಧಿ ಕೊಡುವವರ ಮನೆಗೆ ಗಾಡಿ ಹತ್ತಿಸುತ್ತಾರೆ. ಕೆಲವು ಕಡೆ ಇನ್ನೂ ಬರೆ ಹಾಕುತ್ತಾರೆ. ಹೆಪಟೈಟಿಸ್ ಎ ಕಾಮಾಲೆ ಬಹುತೇಕ ಎಲ್ಲರಲ್ಲೂ ಕೆಲವು ವಾರಗಳಲ್ಲಿ ತಾನಾಗಿಯೇ ಇಳಿಯುತ್ತದೆ, ಸೊಪ್ಪಿನವರಿಗೆ ಹೆಸರು ಬಂದಿರುವುದು ಅದರಿಂದ. ನಾಳದಲ್ಲಿ ಸಿಕ್ಕ ಕಲ್ಲಿಗೆ ಈ ಕಾಯುವಿಕೆ ಆಗುವುದಿಲ್ಲ. ಕಾಮಾಲೆ, ನಡುಕದ ಜ್ವರ, ಬಲಗಡೆ ನೋವು ಮೂರೂ ಒಟ್ಟಿಗೆ ಬಂದರೆ ನಾಳದಲ್ಲಿ ಸೋಂಕಾಗಿದೆ ಅಂತ ಅರ್ಥ, ಫ್ರಾನ್ಸಿನ ಶಾರ್ಕೊ ಇದನ್ನು 1877ರಲ್ಲೇ ಬರೆದಿಟ್ಟಿದ್ದಾರೆ. ಆಗ ದಿನಗಳನ್ನಲ್ಲ, ಗಂಟೆಗಳನ್ನು ಎಣಿಸಬೇಕು. ಅದೇ ಕಲ್ಲು ಇನ್ನೂ ಕೆಳಗೆ ಹೋಗಿ ಮೇದೋಜೀರಕ ಗ್ರಂಥಿಯ ಬಾಯಿ ಮುಚ್ಚಿದರೆ ಪ್ಯಾಂಕ್ರಿಯಾಟೈಟಿಸ್, ಅಂದರೆ ಆ ಗ್ರಂಥಿಯ ಉರಿಯೂತ, ಅದು ಪ್ರಾಣ ತೆಗೆಯಬಲ್ಲದು. ನಾಳದ ಕಲ್ಲನ್ನು ಬಾಯಿಯಿಂದ ಎಂಡೋಸ್ಕೋಪ್ ಇಳಿಸಿ ತೆಗೆಯುತ್ತಾರೆ, ಇಆರ್‌ಸಿಪಿ ಅಂತ. ಅದು ಎಲ್ಲ ಊರಿನಲ್ಲೂ ಸಿಗುವುದಿಲ್ಲ, ಮಂಗಳೂರಿಗೋ ಮೈಸೂರಿಗೋ ಹೊರಡಬೇಕಾಗಬಹುದು. ಮಳೆಗಾಲದಲ್ಲಿ ಶಿರಾಡಿ ಘಾಟಿ ಹೇಗಿರುತ್ತದೆ ಅಂತ ಸಕಲೇಶಪುರದವರಿಗೆ ಗೊತ್ತು, ಆದ್ದರಿಂದ ಬೇಗ ಹೊರಡಿ.

ಈಗ ವಾಟ್ಸಾಪ್‌ನಲ್ಲಿ ಓಡಾಡುವ ಆಲಿವ್ ಎಣ್ಣೆ, ನಿಂಬೆರಸ, ಎಪ್ಸಮ್ ಉಪ್ಪಿನ ವಿಚಾರ. ರಾತ್ರಿ ಕುಡಿದರೆ ಬೆಳಗ್ಗೆ ಹಸಿರು ಗುಂಡುಗಳು ಹೊರಗೆ ಬೀಳುತ್ತವೆ, ಅವೇ ಪಿತ್ತಕೋಶದ ಕಲ್ಲು ಅಂತ ಫೋಟೋ ಸಮೇತ ಕಳಿಸುತ್ತಾರೆ. ಗುಂಡುಗಳು ಬೀಳುವುದು ನಿಜ. ನ್ಯೂಜಿಲೆಂಡಿನ ಇಬ್ಬರು ತಜ್ಞರು ಒಬ್ಬ ರೋಗಿ ತಂದ ಇಂಥ ಗುಂಡುಗಳನ್ನು ಪರೀಕ್ಷಿಸಿ 2005ರಲ್ಲಿ ಲ್ಯಾನ್ಸೆಟ್ ಪತ್ರಿಕೆಗೆ ಬರೆದರು. 40 ಡಿಗ್ರಿ ಸೆಲ್ಸಿಯಸ್‌ಗೆ ಅವು ಕರಗಿ ಎಣ್ಣೆಯಾದವು. ಕೊಲೆಸ್ಟ್ರಾಲ್ ಇರಲೇ ಇಲ್ಲ. ಕುಡಿದ ಎಣ್ಣೆಯೇ ಹೊಟ್ಟೆಯೊಳಗೆ ಸಾಬೂನಾಗಿ ಗಟ್ಟಿಯಾಗಿತ್ತು.

ಕಲ್ಲು ಕರಗಿಸುವ ನಿಜವಾದ ಮಾತ್ರೆಯೂ ಇದೆ, ಅರ್ಸೊಡಿಆಕ್ಸಿಕೋಲಿಕ್ ಆಸಿಡ್. ಇದು ಕರಡಿಯ ಪಿತ್ತದಲ್ಲಿ ಹೇರಳವಾಗಿ ಇರುವ ಒಂದು ಪಿತ್ತ ಆಮ್ಲ. ಸಣ್ಣ, ಸುಣ್ಣ ಕಟ್ಟದ ಕೊಲೆಸ್ಟ್ರಾಲ್ ಕಲ್ಲಾಗಿದ್ದು, ಚೀಲ ಚೆನ್ನಾಗಿ ಕೆಲಸ ಮಾಡುತ್ತಿದ್ದರೆ ಆರು ತಿಂಗಳಿಂದ ಎರಡು ವರ್ಷದಲ್ಲಿ ಕರಗಬಹುದು. ಆದರೆ ಐದು ವರ್ಷದೊಳಗೆ ಅರ್ಧದಷ್ಟು ಜನರಲ್ಲಿ ಹೊಸ ಕಲ್ಲು ಬರುತ್ತದೆ. 1980ರ ದಶಕದಲ್ಲಿ ಜರ್ಮನಿಯ ಮ್ಯೂನಿಕ್‌ನಲ್ಲಿ ಕಿಡ್ನಿ ಕಲ್ಲಿನಂತೆ ಇದನ್ನೂ ಶಬ್ದದ ಅಲೆಯಿಂದ ಪುಡಿ ಮಾಡಿ ನೋಡಿದರು. ಪುಡಿಯೇನೋ ಆಯಿತು, ಮತ್ತೆ ಕಲ್ಲು ಬೆಳೆಯಿತು.

ಇದನ್ನು ಬಹಳ ಮೊದಲೇ ಕಂಡುಕೊಂಡವರು ಬರ್ಲಿನ್ನಿನ ಶಸ್ತ್ರವೈದ್ಯ ಕಾರ್ಲ್ ಲಾಂಗೆನ್‌ಬುಕ್. ಅವರಿಗಿಂತ ಮುಂಚೆ, 1867ರಲ್ಲಿ, ಅಮೆರಿಕದ ಇಂಡಿಯಾನಾಪೊಲಿಸ್‌ನ ಜಾನ್ ಬಾಬ್ಸ್ ಚೀಲವನ್ನು ಕೊಯ್ದು ಕಲ್ಲು ತೆಗೆದು ಮತ್ತೆ ಹೊಲಿದಿದ್ದರು. ಲಾಂಗೆನ್‌ಬುಕ್ ವಾದ ಬೇರೆ. ಚೀಲವನ್ನು ತೆಗೆಯಬೇಕಾದ್ದು ಅದರಲ್ಲಿ ಕಲ್ಲಿದೆ ಅಂತಲ್ಲ, ಅದು ಕಲ್ಲು ಮಾಡುತ್ತದೆ ಅಂತ. ನಾಯಿಗಳು ಪಿತ್ತಕೋಶ ಇಲ್ಲದೆ ಬದುಕುತ್ತವೆ ಎನ್ನುವುದು 17ನೇ ಶತಮಾನದಲ್ಲೇ ಗೊತ್ತಿತ್ತು. ಅವರು ಶವಗಳ ಮೇಲೆ ಅಭ್ಯಾಸ ಮಾಡಿ, 1882ರ ಜುಲೈ 15ರಂದು, 16 ವರ್ಷ ನೋವು ತಿಂದಿದ್ದ 43 ವರ್ಷದ ರೋಗಿಯ ಪಿತ್ತಕೋಶವನ್ನು ತೆಗೆದೇಬಿಟ್ಟರು. ರೋಗಿ ಬದುಕಿದ. ಆ ವಾದ ಇಂದಿಗೂ ನಿಂತಿದೆ, ಜೋನಿ ಬೆಲ್ಲದ ಡಬ್ಬ ಅದೇ ಇದ್ದರೆ ತಳದ ಹರಳನ್ನು ಎಷ್ಟು ಸಲ ಕೆರೆದರೇನು?

ನೂರು ವರ್ಷ ಆದಮೇಲೆ, 1985ರ ಸೆಪ್ಟೆಂಬರ್ 12ರಂದು, ಜರ್ಮನಿಯ ಬೋಬ್ಲಿಂಗೆನ್‌ನಲ್ಲಿ ಎರಿಕ್ ಮ್ಯೂಹೆ ಲ್ಯಾಪರೋಸ್ಕೋಪ್, ಅಂದರೆ ಸಣ್ಣ ತೂತಿನಿಂದ ಹೊಟ್ಟೆಯೊಳಗೆ ನೋಡುವ ಕೊಳವೆ, ಬಳಸಿ ಪಿತ್ತಕೋಶ ತೆಗೆದರು. ಮರುವರ್ಷ ಶಸ್ತ್ರವೈದ್ಯರ ಸಮ್ಮೇಳನದಲ್ಲಿ ಹೇಳಿದಾಗ ಯಾರೂ ಒಪ್ಪಲಿಲ್ಲ. 1992ರಲ್ಲಿ ಅದೇ ಸಂಘ ಅವರನ್ನು ಗೌರವಿಸಿತು. ನಮ್ಮ ದೇಶಕ್ಕೆ ಈ ವಿಧಾನ ತಂದವರು ಮುಂಬೈನ ತೆಹಮ್ಟನ್ ಉದ್ವಾಡಿಯಾ, 1990ರಲ್ಲಿ. ಹಿಂದೆಲ್ಲ ಹೊಟ್ಟೆಯಲ್ಲಿ ಗೇಣುದ್ದ ಗಾಯ, ವಾರಗಟ್ಟಲೆ ಹಾಸಿಗೆ. ಈಗ ಸಾಮಾನ್ಯವಾಗಿ ನಾಲ್ಕು ಸಣ್ಣ ತೂತು, ದೊಡ್ಡದು ಒಂದು ಸೆಂಟಿಮೀಟರ್. ಹೊಟ್ಟೆಗೆ ಕಾರ್ಬನ್ ಡೈಆಕ್ಸೈಡ್ ತುಂಬಿ ಜಾಗ ಮಾಡಿಕೊಳ್ಳುತ್ತಾರೆ, ಅದು ಹೊತ್ತಿಕೊಳ್ಳುವುದಿಲ್ಲ, ರಕ್ತದಲ್ಲಿ ಬೇಗ ಕರಗುತ್ತದೆ. ಎರಡು ದಿನ ಭುಜ ನೋಯುವುದು ಆ ಗ್ಯಾಸಿನಿಂದ. ಚೀಲದ ನಾಳಕ್ಕೂ ರಕ್ತನಾಳಕ್ಕೂ ಕ್ಲಿಪ್ ಹಾಕಿ, ಕತ್ತರಿಸಿ, ಚೀಲವನ್ನು ಹೊಕ್ಕುಳಿನ ತೂತಿನಿಂದಲೋ ಮೇಲಿನ ತೂತಿನಿಂದಲೋ ಹೊರಗೆಳೆಯುತ್ತಾರೆ. ಬಹಳ ಜನ ಮರುದಿನವೇ ಮನೆಗೆ ಹೋಗುತ್ತಾರೆ.

ಅಪಾಯವೇ ಇಲ್ಲ ಅಂತ ನಾನು ಹೇಳುವುದಿಲ್ಲ. ಸಾವಿರದಲ್ಲಿ ಮೂರರಿಂದ ಐದು ಜನರಲ್ಲಿ ಮುಖ್ಯ ಪಿತ್ತನಾಳಕ್ಕೇ ಪೆಟ್ಟಾಗುತ್ತದೆ, ಅದು ದೊಡ್ಡ ತೊಂದರೆ. ಅದನ್ನು ತಪ್ಪಿಸಲು ಅಮೆರಿಕದ ಶಸ್ತ್ರವೈದ್ಯ ಸ್ಟ್ರಾಸ್‌ಬರ್ಗ್ 1995ರಲ್ಲಿ ಒಂದು ನಿಯಮ ಹೇಳಿದರು: ಸುತ್ತಲಿನ ಕೊಬ್ಬನ್ನೆಲ್ಲ ಬಿಡಿಸಿ, ಚೀಲದ ಕೆಳಭಾಗವನ್ನು ಲಿವರ್‌ನಿಂದ ಎತ್ತಿ, ಚೀಲಕ್ಕೆ ಹೋಗುವುದು ಎರಡೇ ಎರಡು ಕೊಳವೆ ಅಂತ ಕಣ್ಣಾರೆ ಕಂಡ ಮೇಲಷ್ಟೇ ಕತ್ತರಿ ಹಾಕಬೇಕು. ಊತ ಜಾಸ್ತಿ ಇದ್ದು ಅದು ಕಾಣದಿದ್ದರೆ ಹೊಟ್ಟೆ ತೆರೆದು ಮಾಡುತ್ತಾರೆ. ಹಾಗೆ ಮಾಡಿದರೆ 'ಲ್ಯಾಪರೋಸ್ಕೋಪಿ ಫೇಲಾಯ್ತು' ಅಂತ ಡಾಕ್ಟರ ಮೇಲೆ ರೇಗಬೇಡಿ. ಅವರು ನಿಮ್ಮ ಪಿತ್ತನಾಳವನ್ನು ಕಾಪಾಡಿದ್ದಾರೆ.

ಪಿತ್ತಕೋಶ ಇಲ್ಲದೆ ಜೀರ್ಣ ಹೇಗಾಗುತ್ತದೆ ಅನ್ನುವುದು ಎಲ್ಲರ ಪ್ರಶ್ನೆ. ಪಿತ್ತ ಮಾಡುವುದು ಲಿವರ್, ಅದು ಮಾಡುತ್ತಲೇ ಇರುತ್ತದೆ, ರಸ ನೇರವಾಗಿ ಕರುಳಿಗೆ ಹನಿಯುತ್ತದೆ. ಭದ್ರಾ ಕಾಡಿನ ಕಡವೆ, ಜಿಂಕೆಗಳಿಗೆ ಪಿತ್ತಕೋಶವಿಲ್ಲ. ಕುದುರೆಗಿಲ್ಲ. ಆಲೂರು, ಸಕಲೇಶಪುರದ ತೋಟಗಳಿಗೆ ನುಗ್ಗುವ ಆನೆಗೂ ಇಲ್ಲ. ಕೆಲವರಿಗೆ ಸ್ವಲ್ಪ ಕಾಲ ಭೇದಿಯಾಗುತ್ತದೆ, ಜಿಡ್ಡು ತಿಂದಾಗ ಹೊಟ್ಟೆ ಉಬ್ಬರಿಸಬಹುದು. ಮೊದಲ ಕೆಲವು ವಾರ ಕರಿದದ್ದು ಕಡಿಮೆ ಮಾಡಿ, ಆಮೇಲೆ ಅಕ್ಕಿ ರೊಟ್ಟಿ, ಕಡುಬು, ಕೋಳಿ ಸಾರು, ಮಾಮೂಲಿ ಊಟ.

ಇನ್ನೊಂದು ಕೆಲಸ ಮಾತ್ರ ಮರೆಯಬೇಡಿ. ತೆಗೆದ ಕಲ್ಲುಗಳನ್ನು ಬಾಟಲಿಯಲ್ಲಿ ತಂದು ನೆಂಟರಿಗೆಲ್ಲ ತೋರಿಸುವವರು, ಚೀಲ ಏನಾಯಿತು ಅಂತ ಕೇಳುವುದಿಲ್ಲ. ಅದು ಬಯಾಪ್ಸಿಗೆ ಹೋಗಬೇಕು. ಅಪರೂಪಕ್ಕೆ ಅದರ ಗೋಡೆಯಲ್ಲಿ ಯಾರಿಗೂ ಗೊತ್ತಾಗದ ಕ್ಯಾನ್ಸರ್ ಅಡಗಿರುತ್ತದೆ, ಆ ಹಂತದಲ್ಲಿ ಸಿಕ್ಕರೆ ಗುಣವಾಗುವ ಸಾಧ್ಯತೆ ಚೆನ್ನಾಗಿರುತ್ತದೆ. ರಿಪೋರ್ಟ್ ಬರಲು ಒಂದೆರಡು ವಾರ ಬೇಕಾಗಬಹುದು. ಹೊಲಿಗೆ ತೋರಿಸಲು ಹೋದಾಗ ಅದನ್ನು ಕೇಳಿ ಪಡೆದುಕೊಂಡು, ಡಾಕ್ಟರ್ ಕೈಗೆ ಕೊಟ್ಟು ಓದಿಸಿ.