ಕಿಟಕಿ ನಡುಗುತ್ತೆ, ಮೀಟರ್ ಯಾಕೆ ನಡುಗಲ್ಲ?

ಗಣಪತಿ ಬಿಡೋ ದಿನ ಡಿಜೆ ಗಾಡಿ ಮನೆ ಮುಂದೆ ಬಂತು ಅಂದ್ರೆ ಕಿಟಕಿ ಗಾಜು ಗಡಗಡ ಅನ್ನುತ್ತೆ, ಎದೆಗೆ ಒಳಗಿಂದ ಯಾರೋ ಗುದ್ದಿದ ಹಾಗಾಗುತ್ತೆ. ಹೋಗಿ ಕೇಳಿದ್ರೆ "ವರ್ಷಕ್ಕೊಂದು ದಿನ ಸಾರ್, ಅಡ್ಜಸ್ಟ್ ಮಾಡ್ಕೊಳ್ಳಿ" ಅಂತಾರೆ. ಸದ್ದು ಜಾಸ್ತಿ ಅಂತ ನಾವು, ಎಲ್ಲಿ ಜಾಸ್ತಿ ಅಂತ ಅವ್ರು. ನಂಬರ್ ಇಲ್ಲದೆ ಈ ಜಗಳ ಬಗೆಹರಿಯೋದೇ ಇಲ್ಲ.

ಆ ನಂಬರ್ ಕೊಟ್ಟಿದ್ದು ವಿಜ್ಞಾನಿಗಳ ಸಂಘಗಳು. 1928ರ ಡಿಸೆಂಬರಲ್ಲಿ ನ್ಯೂಯಾರ್ಕಿನ ಬೆಲ್ ಲ್ಯಾಬಲ್ಲಿ (ಟೆಲಿಫೋನ್ ಕಂಪನಿಯ ಸಂಶೋಧನಾ ಕೇಂದ್ರ) ಸುಮಾರು 40 ಜನ ಸೇರಿ ಮಾತಾಡಿ, 1929ರಲ್ಲಿ ಅಕೌಸ್ಟಿಕಲ್ ಸೊಸೈಟಿ ಆಫ್ ಅಮೆರಿಕಾ ಅನ್ನೋ ಸದ್ದಿನ ವಿಜ್ಞಾನಿಗಳ ಸಂಘ ಶುರು ಮಾಡಿದ್ರು, ಮೊದಲ ಅಧ್ಯಕ್ಷ ಹಾರ್ವಿ ಫ್ಲೆಚರ್. ಅದೇ ಹೊತ್ತಿಗೆ ನ್ಯೂಯಾರ್ಕ್ ಸಿಟಿಯವ್ರು ಗಲಾಟೆ ತಗ್ಗಿಸೋಕೆ ಅಂತಲೇ ಒಂದು ಕಮಿಷನ್ ಮಾಡಿದ್ರು, ಸದ್ದು ಅಳೆಯೋ ಮೀಟರ್ ಹೊತ್ತ ಟ್ರಕ್ಕು ಊರೆಲ್ಲಾ ಸುತ್ತಿ 138 ಜಾಗದಲ್ಲಿ 10,000 ಸಲ ಸದ್ದು ಅಳೀತು. 1930ರ ಅವರ ವರದಿಯಲ್ಲಿ ಒಂದು ಮಜಾ ಇದೆ: ಕೆಲವು ರಸ್ತೆಗಳಲ್ಲಿ ಬಂಗಾಳದ ಹುಲಿ ಬಂದು ಗರ್ಜಿಸ್ತಾ ನಿಂತ್ರೂ ದಾರೀಲಿ ಹೋಗೋರು ತಿರುಗಿ ನೋಡಲ್ವಂತೆ!

ಆಮೇಲಿನ ಕೆಲಸ ಬೋರಿಂಗ್, ಆದ್ರೆ ಅಸಲಿ ಕೆಲಸ ಅದೇ. ಜಾಥಾ, ಪೋಸ್ಟರ್, ನೋ ಹಾರ್ನ್ ಡೇ ಎಲ್ಲಾ ಒಳ್ಳೇದೇ, ಆದ್ರೆ ಕಮಿಟಿಲಿ ಕೂತು ಮೀಟರ್ ಹೇಗಿರಬೇಕು ಅಂತ ಬರೆಯೋರು ಯಾರು? 1933ರಲ್ಲಿ ಫ್ಲೆಚರ್ ಮತ್ತು ಮನ್ಸನ್ ಈ ಸೊಸೈಟಿಯ ಜರ್ನಲಲ್ಲೇ ತೋರಿಸಿದ್ರು, ನಮ್ಮ ಕಿವಿ ಎಲ್ಲಾ ಸದ್ದನ್ನೂ ಒಂದೇ ಥರ ಕೇಳಲ್ಲ, ಮೆತ್ತಗಿರೋ ಬೇಸ್ (ಢಬ್ ಢಬ್ ಅನ್ನೋ ತಗ್ಗು ಸ್ವರದ) ಸದ್ದು ಅದಕ್ಕೆ ತೀರಾ ಕಮ್ಮಿ ಕೇಳಿಸುತ್ತೆ ಅಂತ. 1936ರಲ್ಲಿ ಮೀಟರಿಗೆ ಮೊದಲ ಸ್ಟಾಂಡರ್ಡ್ ಬಂದಾಗ, ಕಿವಿ ಥರಾನೇ ಬೇಸ್ ಕಮ್ಮಿ ಲೆಕ್ಕ ಹಾಕೋ 'ಎ' ಸ್ಕೇಲು ಅದರೊಳಗೆ ಬಂತು.

ನಮ್ಮ ದೇಶದ 2000ದ ಶಬ್ದ ಮಾಲಿನ್ಯ ನಿಯಮಗಳೂ ಈ 'ಎ' ಮೇಲೇ ನಿಂತಿವೆ. ಮನೆಗಳಿರೋ ಏರಿಯಾದಲ್ಲಿ ಹಗಲು 55 ಡೆಸಿಬೆಲ್ (ಸದ್ದು ಅಳೆಯೋ ಲೆಕ್ಕ), ರಾತ್ರಿ 10ರಿಂದ ಬೆಳಗ್ಗೆ 6ರ ತನಕ 45, ಆಸ್ಪತ್ರೆ ಶಾಲೆ ಸುತ್ತ 100 ಮೀಟರ್ ಒಳಗೆ ಇನ್ನೂ 5 ಕಮ್ಮಿ. ಡೆಸಿಬೆಲ್ 10 ಏರಿದ್ರೆ ಸದ್ದಿನ ಶಕ್ತಿ 10 ಪಟ್ಟು, ಕಿವಿಗೆ ಹೆಚ್ಚುಕಮ್ಮಿ ಎರಡು ಪಟ್ಟು ಜೋರು, ಹಂಗಾಗಿ 55ಕ್ಕೂ 75ಕ್ಕೂ ಇರೋದು ಸಣ್ಣ ವ್ಯತ್ಯಾಸ ಅಲ್ಲ.

ಈಗ ಕಿಟಕಿ ಕತೆಗೆ ಬರೋಣ. 'ಎ' ಸ್ಕೇಲ್ ಹುಟ್ಟಿದ್ದು ಮೆಲ್ಲಗಿನ ಸದ್ದಿನ ಲೆಕ್ಕದಲ್ಲಿ, ಸದ್ದು ಜೋರಾದ್ರೆ ಕಿವಿಗೆ ಬೇಸೂ ಚೆನ್ನಾಗೇ ಕೇಳಿಸುತ್ತೆ, ಆದ್ರೆ ಮೀಟರ್ ಹಳೇ ಲೆಕ್ಕದಲ್ಲೇ ಕಳೀತಾ ಕೂರುತ್ತೆ. ಡಿಜೆಯ 63 ಹರ್ಟ್ಸ್ (ಸೆಕೆಂಡಿಗೆ 63 ಸಲ ಅದುರೋ) ಬೇಸ್ ನಿಜವಾಗಿ 95 ಡೆಸಿಬೆಲ್ ಇದ್ರೆ 'ಎ' ಅದರಲ್ಲಿ 26 ಕಳೆದು 69 ಅಂತ ತೋರಿಸುತ್ತೆ. ಧ್ವನಿವರ್ಧಕ ಇರೋ ಜಾಗದ ಗಡಿಯಲ್ಲಿ ಗರಿಷ್ಠ 75, ಅಥವಾ ಸುತ್ತಲಿನ ಮಿತಿಗಿಂತ 10 ಹೆಚ್ಚು, ಯಾವುದು ಕಮ್ಮಿಯೋ ಅದು ಅಂತ ರೂಲು. ವಾಣಿಜ್ಯ ಏರಿಯಾ ಆಗಿದ್ರೆ ಹಗಲಲ್ಲಿ ಈ ಮಿತಿ 75, ಆ ಬೇಸ್ ಒಂದೇ ನೋಡಿದ್ರೆ ಮೀಟರಲ್ಲಿ 69, ಪಾಸ್! ಅದೇ ಮೀಟರಲ್ಲಿ 'ಸಿ' ಅಂತ ಇನ್ನೊಂದು ಸ್ಕೇಲಿದೆ, ಅದಕ್ಕೆ ತಿರುಗಿಸಿದ್ರೆ 94 ತೋರಿಸುತ್ತೆ. ಪಟಾಕಿ ರೂಲಲ್ಲಿ 4 ಮೀಟರ್ ದೂರಕ್ಕೆ 145 ಡೆಸಿಬೆಲ್ ಅಂತ 'ಸಿ' ಲೆಕ್ಕ ಆಗ್ಲೇ ಇದೆ. ಡಿಜೆಗೆ ಮಾತ್ರ ಇನ್ನೂ ಬರೀ 'ಎ'.